ಬುತ್ತಿಯ ಮುಚ್ಚಳ

ವಳಕಮದಿನ್ನಿ, ಸಿಂಧನೂರು ತಾಲೂಕು
ಶನಿವಾರ, 6 ಫೆಬ್ರುವರಿ 1988

ಪ್ರೀತಿಯ ಮೊಮ್ಮಗಳು ಶೇಖಮ್ಮಳಿಗೆ,

ನಿನ್ನ ಅಜ್ಜ ಮುದುಕಪ್ಪ ಇಲ್ಲಿಂದಲೇ ನಿನ್ನ ತಲೆ ಸವರಿ ಬರೆಯುವುದೇನೆಂದರೆ, ನಾನೂ ನಿಮ್ಮಜ್ಜಿ ತಿಮ್ಮವ್ವನೂ ನೆಟ್ಟಗಿದ್ದೇವೆ. ನಿನ್ನ ಗಂಟಲು ಈಗ ಹೇಗಿದೆ ಎಂದು ಮೊದಲು ತಿಳಿಸು. ನೀನು ಹೊರಟ ದಿನ ಬಳಪದ ಧೂಳಿಗೆ ಹಿಡಿದ ಕೆಮ್ಮು ಬಿಡದೆ ಕೆಮ್ಮುತ್ತಲೇ ಬಸ್ಸು ಹತ್ತಿದ್ದೆ. ನಿಮ್ಮವ್ವ ಅರಿಶಿಣ ಹಾಕಿ ಹಾಲು ಕಾಸಿ ಕೊಡುತ್ತಾಳೆಂದು ನನಗೆ ಗೊತ್ತು, ನೀನು ಅವಳ ಕಣ್ಣು ತಪ್ಪಿಸಿ ಅದನ್ನು ಬೆಕ್ಕಿಗೆ ಹಾಕುತ್ತೀಯೆಂದೂ ಗೊತ್ತು. ನಿಮ್ಮಪ್ಪ ಬಸ್ಸಪ್ಪನ ಮೊಣಕಾಲು ನೋವು ಇಳಿದಿದೆಯೇ? ಲಿಂಗಸುಗೂರಿನ ಮಾರುಕಟ್ಟೆಯಲ್ಲಿ ದಿನವೆಲ್ಲ ನಿಂತು ಚೀಲ ತೂಗಿಸುವವನಿಗೆ ಮೊಣಕಾಲು ನೋಯದೆ ಮೂಗು ನೋಯುತ್ತದೆಯೇ. ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳಲು ಹೇಳು. ಅಪ್ಪ ಹೇಳಿದರೆ ಅವನು ಕೇಳುವುದಿಲ್ಲ, ಮಗಳು ಹೇಳಿದರೆ ಕೇಳಿಯಾನು. ನಮ್ಮ ಎಮ್ಮೆ ಈದಿದೆ, ಹೆಣ್ಣು ಕರು. ಗಿಣ್ಣ ತಿನ್ನಲು ನೀನಿಲ್ಲವಲ್ಲ ಎಂದು ನಿಮ್ಮಜ್ಜಿ ಅರ್ಧ ದಿನ ಕೊರಗಿದಳು, ಉಳಿದರ್ಧ ದಿನ ನನ್ನನ್ನು ಬೈದಳು, ನಿನ್ನನ್ನು ಮನೆಯಿಂದ ಓಡಿಸಿದವನು ನಾನೇ ಎಂಬ ಹಾಗೆ.

ನೀನು ನಿಮ್ಮಜ್ಜಿಯ ಹೆಸರಿಗೆ ಹಾಕಿದ ಕಾರ್ಡು ಬುಧವಾರ ಬಂತು. ಓದು ಬಾರದವಳ ಹೆಸರಿಗೆ ಕಾರ್ಡು ಹಾಕಿದರೆ ಓದಬೇಕಾದವನು ನಾನೇ ಎಂದು ತಿಳಿಯದಷ್ಟು ಹುಚ್ಚಿ ನೀನಲ್ಲ. ಆದರೂ ಅದರಲ್ಲಿ ಎಮ್ಮೆಯನ್ನು ಕೇಳಿದ್ದೀ, ಪಕ್ಕದ ಮನೆಯ ಹಸೀನಾಬೀಯನ್ನು ಕೇಳಿದ್ದೀ, ಹಿತ್ತಲಿನ ಕರಿಬೇವಿನ ಗಿಡವನ್ನು ಸಹ ಕೇಳಿದ್ದೀ, ಅಜ್ಜ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಇರಲಿ, ಕರಿಬೇವಿಗಿಂತ ಕಡೆಯಾದೆನಲ್ಲ ಎಂದು ನಕ್ಕು ಸುಮ್ಮನಾದೆ. ಆದರೆ ಕಡೆಯ ಸಾಲಿಗೆ ಬಂದಾಗ ನಗು ಬರಲಿಲ್ಲ. ಲಿಂಗಸುಗೂರಿನ ಹತ್ತಿರದ ಶಾಲೆಯೊಂದರಲ್ಲಿ ಜಾಗ ಖಾಲಿ ಇದೆ, ಸೋಮವಾರ ವರ್ಗದ ಅರ್ಜಿಗೆ ಸಹಿ ಹಾಕುತ್ತೇನೆ, ಇನ್ನು ವಳಕಮದಿನ್ನಿಗೆ ಹಬ್ಬಕ್ಕೆ ಮಾತ್ರ ಬರುತ್ತೇನೆ ಎಂದು ಬರೆದಿದ್ದೀ. ನಿಮ್ಮಜ್ಜಿ ಆ ಸಾಲನ್ನು ಮತ್ತೆ ಮತ್ತೆ ಓದಿಸಿದಳು, ಓದುವಾಗ ನಾನೇ ತಪ್ಪು ಮಾಡುತ್ತಿದ್ದೇನೆಂದು ಅವಳಿಗೆ ಅನುಮಾನ. ನೀನು ಸಹಿ ಹಾಕುವ ಮೊದಲು ಈ ಪತ್ರ ನಿನ್ನ ಕೈ ಸೇರಬೇಕು. ಅದಕ್ಕೆಂದೇ ಅಂಚೆಗೆ ಹಾಕದೆ, ನಾಳೆ ಮುಂಜಾನೆ ಸಿಂಧನೂರಿಗೆ ಹೋಗಿ ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ.

ಈಗ ಆ ಗಲಾಟೆಯ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಊರು ಹೇಳುವ ಕಥೆ ಒಂದು, ನೀನು ಹೇಳದೆ ಹೋದ ಕಥೆ ಇನ್ನೊಂದು. ಎರಡನ್ನೂ ಜೋಡಿಸಿ ನೋಡುವಷ್ಟು ಬುದ್ಧಿ ನನಗೆ ಬರಲು ಹದಿನೈದು ದಿನ ಹಿಡಿಯಿತು. ಹುಟ್ಟಿದಾಗಲೇ ಮುದುಕಪ್ಪ ಎಂದು ಹೆಸರಿಟ್ಟರು, ಬುದ್ಧಿ ಮಾತ್ರ ಹೆಸರಿನ ಜೊತೆಗೆ ಬರಲಿಲ್ಲ.

ನೀನು ನಮ್ಮೂರ ಶಾಲೆಗೆ ಅಕ್ಕೋರಾಗಿ ಬಂದ ಮೇಲೆ ಮಾಡಿದ ಮೊದಲ ಕೆಲಸ ಗೋಡೆಗೆ ಪ್ರಪಂಚದ ನಕ್ಷೆ ತೂಗುಹಾಕಿದ್ದು. ನನಗೆ ಅದು ನೆನಪಿದೆ, ಏಕೆಂದರೆ ಮೊಳೆ ಬಡಿಯಲು ಕರೆದದ್ದು ನನ್ನನ್ನೇ. ಕಾಲುವೆಯಾಚೆಯ ನಿರಾಶ್ರಿತರ ಕ್ಯಾಂಪಿನಲ್ಲಿ ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತದೆ, ಮುಂದೆ ಓದುವ ಬಂಗಾಲಿ ಮಕ್ಕಳು ನಮ್ಮೂರಿಗೇ ಬರಬೇಕು. ಹಾಗೆ ಬಂದವಳು ಶೆಫಾಲಿ. ಎರಡು ಜಡೆ ಹಾಕಿಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕಾಲುವೆ ಏರಿಯ ಮೇಲೆ ನಡೆದು ಬರುತ್ತಿದ್ದ ಹುಡುಗಿ. ನಿಮ್ಮ ಅಜ್ಜಿ ಎಲ್ಲಿಂದ ಬಂದರು ತೋರಿಸು ಎಂದು ನೀನು ಕೇಳಿದಾಗ ಅವಳು ನಕ್ಷೆಯ ಮೇಲೆ ಬಂಗಾಲದ ಕಡೆಗೊಂದು ಬೆರಳಿಟ್ಟಳಂತೆ, ನೀನು ಸಿಂಧನೂರಿನ ಮೇಲೆ ಇನ್ನೊಂದು ಬೆರಳಿಟ್ಟೆಯಂತೆ. ಎರಡು ಬೆರಳೂ ತಾಗುವ ಹಾಗೆ ಇದ್ದವು. ಹುಡುಗರೆಲ್ಲ "ಇಷ್ಟ ಸಮೀಪದಾಕೀನಾ?" ಎಂದು ಬೆರಗಾದರು ಎಂದು ನೀನು ಮನೆಗೆ ಬಂದು ಹೇಳಿದೆ. ಅವತ್ತು ನಿನ್ನ ಮುಖ ನೋಡಿ ಓದಿಸಿದ್ದು ಸಾರ್ಥಕವಾಯಿತು ಎಂದುಕೊಂಡಿದ್ದೆ.

ಸಂಕ್ರಾಂತಿ ಕಳೆದ ಮೇಲೆ ನೀನು ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋದೆ, ಗುಡ್ಡದ ಮೇಲಿನ ಶಾಸನ ತೋರಿಸಲು. ಟ್ರ್ಯಾಕ್ಟರ್ ಕೊಟ್ಟವನು ಶಾಲಾ ಸಮಿತಿಯ ಹಿರಿಯ ಅಮರಗುಂಡಪ್ಪನೇ. ಅವನನ್ನು ನಾನು ಕೆಟ್ಟವನೆಂದು ಬರೆಯಲಾರೆ, ನಾನೂ ಅವನೂ ಒಂದೇ ಎಮ್ಮೆಯ ಬೆನ್ನೇರಿ ಹಳ್ಳ ದಾಟಿದವರು. ಆ ಕಲ್ಲಿನ ಮೇಲಿನ ಮಾತು ದೊಡ್ಡವರಿಗೆಷ್ಟೋ ಸಣ್ಣವರಿಗೂ ಅಷ್ಟೇ ಎಂದು ನೀನು ಮಕ್ಕಳಿಗೆ ತಿಳಿಸಿ ಹೇಳಿದೆ. ಆಮೇಲೆ ಬುತ್ತಿ ಬಿಚ್ಚುವ ಹೊತ್ತಿಗೆ, ಯಾರ ಪಕ್ಕ ಯಾರು ಎಂದು ಮಕ್ಕಳು ಆರಿಸಿಕೊಳ್ಳದ ಹಾಗೆ, ಹಾಜರಿ ಕರೆದ ಕ್ರಮದಲ್ಲೇ ಬಂಡೆಯ ಮೇಲೆ ಕೂರಿಸಿದೆ. ಶೆಫಾಲಿಯ ಪಕ್ಕಕ್ಕೆ ಬಂದವನು ಅಮರಗುಂಡಪ್ಪನ ಮೊಮ್ಮಗ. ಅವನು ತನ್ನ ಶೇಂಗಾ ಹೋಳಿಗೆ ಮುರಿದು ಅವಳಿಗೆ ಕೊಟ್ಟ, ಅವಳ ಡಬ್ಬಿಯಿಂದ ಒಂದು ಹೋಳು ತೆಗೆದು ತಿಂದ. ಮಕ್ಕಳ ಲೆಕ್ಕದಲ್ಲಿ ವ್ಯವಹಾರ ಅಲ್ಲಿಗೆ ಮುಗಿದಿತ್ತು.

ಮನೆಗೆ ಬಂದವನು ಸುಮ್ಮನಿರಬಾರದೇ? "ಭಾಳ ರುಚಿ ಇತ್ತವ್ವಾ" ಎಂದು ಅವರಜ್ಜಿಗೆ ಹೇಳಿದ್ದಾನೆ. ಆಕೆ ಅವನ ಕೈ ಮೂಸಿದ್ದಾಳೆ. ಕೈಯಲ್ಲಿ ಸಾಸಿವೆ ಎಣ್ಣೆಯ ವಾಸನೆ. ನಮ್ಮ ಕಡೆ ಕುಸುಬಿ ಎಣ್ಣೆ ಗೊತ್ತು, ಶೇಂಗಾ ಎಣ್ಣೆ ಗೊತ್ತು. ಸಾಸಿವೆಯನ್ನು ನಾವು ಒಗ್ಗರಣೆಗೆ ಹಾಕುತ್ತೇವೆಯೇ ಹೊರತು ಅದರ ಎಣ್ಣೆಯಲ್ಲಿ ಅಡಿಗೆ ಮಾಡಿದವರನ್ನು ಕಂಡಿಲ್ಲ. ಆ ವಾಸನೆ ನಮ್ಮ ಮೂಗಿಗೆ ಬಿದ್ದದ್ದು ಕ್ಯಾಂಪಿನ ಬದಿಯಲ್ಲಿ ಹಾಯುವಾಗ ಮಾತ್ರ, ಅವರು ಮೀನು ಹುರಿಯುವ ಹೊತ್ತಿನಲ್ಲಿ. ಹೀಗಾಗಿ ಆ ವಾಸನೆಗೆ ನಮ್ಮೂರು ಇಟ್ಟ ಹೆಸರೇ ಮೀನು. ಅಮರಗುಂಡಪ್ಪನ ಮನೆಯಲ್ಲಿ ತತ್ತಿ ಸಹ ಹೊಸ್ತಿಲು ದಾಟುವುದಿಲ್ಲ. ಇಲಿ ಬಂತೆಂದರೆ ಹುಲಿ ಬಂತು ಎನ್ನುವ ಊರು ನಮ್ಮದು. ಸಂಜೆಯ ಹೊತ್ತಿಗೆ, ಅಕ್ಕೋರು ಮಸ್ಕಿಗೆ ಕರೆದೊಯ್ದು ಎಲ್ಲ ಮಕ್ಕಳಿಗೂ ಮೀನು ತಿನ್ನಿಸಿದಳು ಎಂಬಲ್ಲಿಗೆ ಬಂದು ನಿಂತಿತು. ದ್ಯಾಮವ್ವನ ಹಬ್ಬಕ್ಕೆ ಕುರಿ ಕಡಿದು ಮೂಳೆ ಚೀಪುವ ನಮ್ಮ ಓಣಿಯವರೂ ಮೂಗು ಮುಚ್ಚಿಕೊಂಡರು. ಕುರಿ ನಡೆಯುತ್ತದೆ, ಮೀನು ನಡೆಯುವುದಿಲ್ಲ ಎಂದು ಯಾವ ದೇವರು ಹೇಳಿತೋ ನಾನು ಕೇಳಲಿಲ್ಲ. ಕೇಳಿದ್ದರೆ ನಮ್ಮ ಮನೆಯ ಒಲೆಗೂ ಉತ್ತರ ಹೇಳಬೇಕಾಗುತ್ತಿತ್ತು.

ಚಾವಡಿಗೆ ನಿನ್ನನ್ನು ಕರೆಸಿದಾಗ ನಾನೂ ಕಂಬಕ್ಕೊರಗಿ ಕುಳಿತಿದ್ದೆ. ಅಮರಗುಂಡಪ್ಪ ಮರ್ಯಾದೆಯಿಂದಲೇ ಕೇಳಿದ. "ಅಕ್ಕೋರ, ಒಂದ ಮಾತು ಹೇಳಿಬಿಡ್ರಿ. ಆ ಹುಡುಗಿ ಡಬ್ಬ್ಯಾಗ ಮೀನ ಇತ್ತೋ ಇಲ್ಲೋ?" ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಡಬ್ಬ್ಯಾಗ ಏನಿತ್ತು ಅನ್ನೋದು ಆಕಿ ಮನಿ ಮಾತ್ರೀ. ಎಲ್ಲಾರೂ ಕೂಡಿ ಕುಂದರೋದು ಸಾಲಿ ಮಾತು. ಸಾಲಿ ಮಾತು ಕೇಳ್ರಿ, ಹೇಳತೀನಿ." ಹಾಗೆಂದು ಸೆರಗು ಹೊದ್ದು ನಿಂತುಬಿಟ್ಟೆ. ಹಾಗಾದರೆ ಇಂಥ ಅಕ್ಕೋರು ನಮ್ಮೂರಿಗೆ ಬೇಡ, ಸಿಂಧನೂರಿಗೆ ಹೋಗಿ ತಕರಾರು ಕೊಡುತ್ತೇವೆ ಎಂದು ಅವರು ಎದ್ದರು. ಮನೆಗೆ ಬಂದ ಮೇಲೆ ನಾನು ನಿನ್ನ ಮೇಲೆ ರೇಗಿದೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ, ನೀನು ಬಾಯಿದ್ದೂ ಸುಗ್ಗಿಯಲ್ಲಿ ಉಪವಾಸ ಬೀಳುತ್ತೀಯಲ್ಲ ಎಂದೆ. "ಇತ್ತು ಅನ್ನು, ಇಲ್ಲಾ ಇಲ್ಲ ಅನ್ನು. ನನಗಾದ್ರೂ ಹೇಳು, ಏನಿತ್ತು ಅದರಾಗ?" ಎಂದು ಕೇಳಿದೆ. ನೀನು ನನ್ನನ್ನೇ ನೋಡಿ, "ಅಜ್ಜಾ, ನೀನೂ ಅದನ್ನ ಕೇಳತೀಯೇನು?" ಎಂದೆ. ಅಷ್ಟೇ. ಮರುದಿನ ಮುಂಜಾನೆ ನಿಮ್ಮಜ್ಜಿ ಕೊಟ್ಟ ಚಹಾ ಅರ್ಧ ಬಿಟ್ಟು ರಜೆಯ ಚೀಟಿ ಬರೆದು ಬಸ್ಸು ಹತ್ತಿದೆ.

ನೀನು ಹೋದ ಮೇಲೆ ಶೆಫಾಲಿಯೂ ಶಾಲೆಗೆ ಬರಲಿಲ್ಲ. ಕ್ಯಾಂಪಿನ ಗಂಡು ಹುಡುಗರಿಬ್ಬರು ಬಂದು ಕಡೆಯ ಸಾಲಿನಲ್ಲಿ ಕುಳಿತು ಹೋಗುತ್ತಿದ್ದರು, ಅವಳಿಲ್ಲ. ಕಾಲುವೆ ಏರಿಯ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬರುವವಳು ಕಾಣದೆ ನಿಮ್ಮಜ್ಜಿಗೆ ದಿನವೇ ಹೋಗಲಿಲ್ಲ. ಒಂದು ದಿನ ನನ್ನ ಮುಂದೆ ರೊಟ್ಟಿಯ ತಾಟು ಇಟ್ಟು, ಪಲ್ಯ ಬಡಿಸದೆ ನಿಂತಳು. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರ. ಆ ಕೂಸು ತನ್ನ ಬುತ್ತಿ ತಾ ಉಂಡರ ಊರಿಗೇನು ಬ್ಯಾನಿ? ಹೋಗಿ ಕರಕೊಂಡ ಬಾ" ಎಂದಳು. ಪಲ್ಯದ ಆಸೆಗಾದರೂ ಹೋಗಬೇಕಾಯಿತು. ಕಳೆದ ಭಾನುವಾರ ಸೈಕಲ್ ತೆಗೆದುಕೊಂಡು ಏರಿಯ ಮೇಲೆ ಹೊರಟೆ. ಗದ್ದೆಗಳಲ್ಲಿ ನಾಟಿ ಹಚ್ಚುವುದು ಅರ್ಧ ಮುಗಿದಿತ್ತು.

ಕ್ಯಾಂಪಿನಲ್ಲಿ ನನ್ನ ಕನ್ನಡ ಹಿರಿಯರಿಗೆ ತಿಳಿಯದು, ಅವರ ಮಾತು ನನಗೆ ತಿಳಿಯದು. ಆದರೆ ಅವರಿಗೆ ಹಿಂದಿ ಅಷ್ಟಿಷ್ಟು ಬರುತ್ತದೆ, ನನಗೆ ಉರ್ದು ಬರುತ್ತದೆ. ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನಲ್ಲಿ ನಮ್ಮಕ್ಕನ ಮನೆಯಲ್ಲಿದ್ದು ಓದಿದ್ದು ನಿನಗೆ ಎಷ್ಟು ಸಲ ಹೇಳಿದ್ದೇನೋ. ಮೊದಲ ವರ್ಷ ಮಾಸ್ತರರ ಬಾಯಿ ಆಡುವುದನ್ನು ನೋಡುತ್ತ ಕೂತಿದ್ದೆ, ಒಂದು ಮಾತೂ ತಲೆಗೆ ಹೋಗುತ್ತಿರಲಿಲ್ಲ. ತಿಳಿಯದ್ದಕ್ಕೆ ಏಟು, ತಿಳಿಯಲಿಲ್ಲ ಎಂದು ಹೇಳಲು ಬಾರದ್ದಕ್ಕೆ ಇನ್ನೊಂದು ಏಟು. ಎರಡನೆಯ ವರ್ಷ ಕರೀಂಸಾಬ್ ಮಾಸ್ತರರು ಬಂದರು. ಮಧ್ಯಾಹ್ನ ಬೇವಿನ ಮರದ ಕೆಳಗೆ ನನ್ನ ಪಕ್ಕದಲ್ಲೇ ಕುಳಿತು ಊಟ ಮಾಡುತ್ತಿದ್ದರು, ನೀರಿಗೆ ನಾವು ಏನೆನ್ನುತ್ತೇವೆ, ಎತ್ತಿಗೆ ಏನೆನ್ನುತ್ತೇವೆ ಎಂದು ನನ್ನಿಂದ ಕಲಿತು, ತಮ್ಮ ಮಾತನ್ನು ನನಗೆ ಕಲಿಸಿದರು. ನನಗೆ ಬಂದ ನಾಲ್ಕಕ್ಷರ ಅವರದು. ಕನ್ನಡ ಬರೆಯುವುದು ಮದುವೆಯಾದ ಮೇಲೆ ಮಠದ ಅಯ್ಯನವರಿಂದ ಕಲಿತದ್ದು, ಅದಕ್ಕೇ ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನೀನು ನಗುತ್ತೀ.

ಶೆಫಾಲಿಯ ಮನೆ ಕ್ಯಾಂಪಿನ ಕಡೆಯ ಸಾಲಿನಲ್ಲಿದೆ. ಅವಳ ಅಪ್ಪ ಅವ್ವ ನಾಟಿಗೆ ಹೋಗಿದ್ದರು, ಇದ್ದವಳು ಅಜ್ಜಿ, ಬಿಳಿ ಸೀರೆ ಉಟ್ಟ ಮುದುಕಿ. ನಾನು ಅಕ್ಕೋರ ಅಜ್ಜ ಎಂದ ಕೂಡಲೇ ಚಾಪೆ ಹಾಸಿ, ಮಂಡಾಳಿಗೆ ಎಣ್ಣೆ ಮೆಣಸಿನಕಾಯಿ ಕಲಸಿ ಮುಂದಿಟ್ಟಳು. ಈ ಮಂಡಕ್ಕಿ ಅವರಿಗೂ ಅಷ್ಟು ಪ್ರೀತಿಯದು ಎಂದು ನನಗೆ ಗೊತ್ತಿರಲಿಲ್ಲ. ತಿನ್ನುತ್ತ ಕುಳಿತವನಿಗೆ ಆಕೆ ತಾವು ಬಂದ ದಾರಿ ಹೇಳಿದಳು. ದೋಣಿ, ರೈಲು, ಡೇರೆ, ಮತ್ತೆ ರೈಲು. ಹೋದಲ್ಲೆಲ್ಲ ಬಾಗಿಲಲ್ಲಿ ನಿಲ್ಲಿಸಿ ಗಂಟು ಬಿಚ್ಚಿಸಿ ನೋಡುತ್ತಿದ್ದರಂತೆ. ಅನ್ನ ಇತ್ತೋ ಬಂಗಾರ ಇತ್ತೋ ಎಂದಲ್ಲ, ಸುಮ್ಮನೆ ಬಿಚ್ಚಿಸುತ್ತಿದ್ದರು, ಬಿಚ್ಚಿಸುವ ಅಧಿಕಾರ ಇತ್ತು, ಅದಕ್ಕೆ ಎಂದಳು. ನಾನು ಹೂಂ ಎನ್ನುತ್ತ ಮಂಡಾಳು ತಿಂದೆ. ಮನಸ್ಸೆಲ್ಲ ಮೀನಿನ ಮೇಲಿತ್ತು.

ಕಡೆಗೆ ಕೇಳಿಯೇ ಬಿಟ್ಟೆ. ಆಕೆ ನಕ್ಕಳು. "ಬೈಗನ್ ಬಾಬಾ, ಬೈಗನ್" ಎಂದು ಒಳಗಿನಿಂದ ಒಂದು ಬದನೆಕಾಯಿ ತಂದು, ಗಾಲಿಯ ಹಾಗೆ ಕೊಯ್ದು, ಉಪ್ಪು ಅರಿಶಿಣ ಸವರಿ, ಸಾಸಿವೆ ಎಣ್ಣೆಯಲ್ಲಿ ಕರಿದು ತೋರಿಸಿದಳು. ಅದೇ ವಾಸನೆ. ಅಮರಗುಂಡಪ್ಪನ ಮನೆಯವರು ಮೂಸಿ ಊರಿಗೆಲ್ಲ ಸಾರಿದ ವಾಸನೆ. ಮಸ್ಕಿಗೆ ಹೋಗುವ ದಿನ ಬುತ್ತಿ ಕಟ್ಟಿದವಳು ತಾನೇ, ತಾನು ಗಂಡ ಸತ್ತವಳು, ತಮ್ಮಲ್ಲಿ ಗಂಡ ಸತ್ತವರು ಮೀನು ಮುಟ್ಟುವುದಿಲ್ಲ, ಹದಿನೇಳು ವರ್ಷದಿಂದ ಅದರ ರುಚಿಯೇ ಮರೆತಿದೆ ಎಂದಳು. ಮೀನು ಬಿಟ್ಟ ಮುದುಕಿ ಕಟ್ಟಿದ ಬುತ್ತಿಗೆ ನಮ್ಮೂರು ಮೀನಿನ ಪಂಚಾಯ್ತಿ ಮಾಡಿತ್ತು. ಅದಕ್ಕಿಂತ ಮುಂದಿನ ಮಾತು ಕೇಳಿ ನನಗೆ ಸಿಟ್ಟು ಬಂತು. ಚಾವಡಿಗೆ ಕರೆಸುವ ಮೊದಲೇ ನೀನು ಅಲ್ಲಿಗೆ ಹೋಗಿದ್ದೆಯಂತೆ. ಆಕೆ ಎಲ್ಲ ಹೇಳಿ, ನಿಮ್ಮೂರಿಗೆ ಬಂದು ಬದನೆಕಾಯಿ ಎಂದು ಆಣೆ ಮಾಡುತ್ತೇನೆ ಎಂದರೆ, ನೀನು ಆಕೆಯ ಕೈ ಹಿಡಿದು ಬೇಡಮ್ಮಾ ಎಂದೆಯಂತೆ. ಅಂದರೆ ನಿನಗೆ ಮೊದಲಿನಿಂದಲೂ ಗೊತ್ತಿತ್ತು. ನಿಜ ಹೇಳುತ್ತೇನೆ, ಸೈಕಲ್ ಏರಿ ಬರುವಾಗ ನೀನು ಎದುರಿಗಿದ್ದರೆ ಕಿವಿ ಹಿಂಡುತ್ತಿದ್ದೆ. ಬದನೆಕಾಯಿ ಎಂದು ಒಂದು ಮಾತು ಹೇಳಿದ್ದರೆ ತಕರಾರೂ ಇರಲಿಲ್ಲ, ನೀನು ಊರು ಬಿಡುವುದೂ ಇರಲಿಲ್ಲ. ಎಂಥ ಹಟಮಾರಿಯನ್ನು ಸಾಕಿದೆವು ಎಂದು ನಿಮ್ಮಜ್ಜಿಗೂ ಹೇಳಿದೆ. ನಿನ್ನದೇ ರಕ್ತ ಎಂದಳು.

ನೀನು ಹೇಳದ್ದನ್ನು ನಾನು ಹೇಳಿದೆ. ಸೋಮವಾರ ಚಹಾದಂಗಡಿಯಲ್ಲಿ ಎಲ್ಲರೂ ಕೂತಾಗ ಬದನೆಕಾಯಿಯ ಕಥೆ ಬಿಚ್ಚಿದೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಎಣ್ಣೆಗಾಯಿ ಉಂಡು ಬೆಳೆದ ಊರಿಗೆ ಬದನೆಕಾಯಿ ಗುರುತು ಸಿಗಲಿಲ್ಲವಲ್ಲ ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು. ನಾನು ಊರು ಗೆದ್ದವನ ಹಾಗೆ ಕಾಲ ಮೇಲೆ ಕಾಲು ಹಾಕಿ ಕುಳಿತೆ. ಆಗ ಅಮರಗುಂಡಪ್ಪ ಹೇಳಿದ. "ಬದನಿಕಾಯಿ ಇದ್ರ ಆಕಿ ಬರ್ಲಿ ಬಿಡಪ್ಪಾ, ನಮ್ಮದೇನೂ ತಕರಾರಿಲ್ಲ. ಆದ್ರ ದಿನಾ ಬದನಿಕಾಯಿನ ತರ್ತಾಳಂತ ಏನ್ ಗ್ಯಾರಂಟಿ? ಉಣ್ಣೂಕಿಂತ ಮೊದಲು ಡಬ್ಬಿ ತಗದು ಮಾನಿಟರಗೆ ತೋರಿಸ್ಲಿ." ಎಲ್ಲರೂ ಇದು ನ್ಯಾಯದ ಮಾತು ಎಂದರು. ನನಗೂ ನ್ಯಾಯವೆಂದೇ ಕಂಡಿತು, ತಲೆಯಾಡಿಸಿದೆ. ಶಾಲೆಯ ದೊಡ್ಡ ಮಾಸ್ತರರು ಹೇಗೂ ಯಾರು ಏನೆಂದರೂ ಹೌದ್ರೀ ಎನ್ನುವವರು, ಈ ವರ್ಷ ಪಿಂಚಣಿಗೆ ಹೋಗುವವರು.

ಮಂಗಳವಾರ ಶೆಫಾಲಿ ಬಂದಳು. ನಾನೇ ಕರೆತಂದವನೆಂಬ ಹೆಮ್ಮೆಯಿಂದ ಮಧ್ಯಾಹ್ನ ಶಾಲೆಯ ಕಡೆ ಹೋದೆ. ನಾಟಿಯ ಕಾಲದಲ್ಲಿ ತಾಯಂದಿರು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗುವುದರಿಂದ ಊರಿನ ಮಕ್ಕಳೂ ಬುತ್ತಿ ತಂದು ಅಲ್ಲೇ ಉಣ್ಣುತ್ತಾರೆ. ಒಳಗೆ ಏಳನೆಯ ತರಗತಿಯವರಿಗೆ ಪೌರನೀತಿ ಪಾಠ ಇನ್ನೂ ನಡೆದಿತ್ತು, ನೀನು ಕಲಿಸಿದ್ದನ್ನೇ ದೊಡ್ಡ ಮಾಸ್ತರರು ಬಾಯಿಪಾಠ ಮಾಡಿಸುತ್ತಿದ್ದರು. ಸಮಾನತೆಯ ಹಕ್ಕು, ಸ್ವಾತಂತ್ರ್ಯದ ಹಕ್ಕು, ಶೋಷಣೆಯ ವಿರುದ್ಧದ ಹಕ್ಕು ಎಂದು ಮಕ್ಕಳು ಒಂದೇ ದನಿಯಲ್ಲಿ ಕೂಗುತ್ತಿದ್ದರು. ಹೊರಗೆ ಪಡಸಾಲೆಯಲ್ಲಿ ಉಳಿದ ಮಕ್ಕಳೆಲ್ಲ ಕುಳಿತಿದ್ದರು, ಶೆಫಾಲಿ ಒಬ್ಬಳೇ ನಿಂತಿದ್ದಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಮುಚ್ಚಳ. ಮಾನಿಟರ್ ಹುಡುಗ ಬಗ್ಗಿ ನೋಡಿ, ಅನ್ನವನ್ನು ಬೆರಳಿನಿಂದ ಸರಿಸಿ ಕೆಳಗೇನಿದೆ ಎಂದು ನೋಡಿ, "ಇಲ್ಲ, ಕುಂದ್ರು" ಎಂದ. ಅವಳು ಕುಳಿತಳು, ಮುಚ್ಚಳ ಮುಚ್ಚಿದಳು, ಉಣ್ಣಲಿಲ್ಲ.

ಆಗ ನನಗೆ ಆ ಮುದುಕಿಯ ಮಾತು ನೆನಪಾಯಿತು, ಹೋದಲ್ಲೆಲ್ಲ ಗಂಟು ಬಿಚ್ಚಿಸುತ್ತಿದ್ದರು ಎಂದದ್ದು. ದೋಣಿ ಹತ್ತಿ ರೈಲು ಹತ್ತಿ ಬಂದವಳ ಮೊಮ್ಮಗಳ ಗಂಟನ್ನು ನಮ್ಮೂರ ಶಾಲೆಯಲ್ಲಿ ನಾನೇ ತಲೆಯಾಡಿಸಿ ಬಿಚ್ಚಿಸಿದ ಹಾಗಾಯಿತು. ನೀನು ಚಾವಡಿಯಲ್ಲಿ ಬಾಯಿ ಬಿಡದೆ ನಿಂತದ್ದು ಏಕೆಂದು ಆಗ ತಿಳಿಯಿತು, ತಾಯಿ. ಬದನೆಕಾಯಿ ಎಂದು ಹೇಳಿ ಅವಳನ್ನು ಬಿಡಿಸಿಕೊಂಡರೆ, ಮೀನಾಗಿದ್ದರೆ ಹೊರಗೆ ಹಾಕಬಹುದಿತ್ತು ಎಂದು ಒಪ್ಪಿಕೊಂಡ ಹಾಗೆ. ಮೀನು ಉಣ್ಣುವವಳಿಗೂ ಆ ಬಂಡೆಯ ಮೇಲೆ ಅಷ್ಟೇ ಜಾಗ ಇದೆ ಎಂಬುದು ನಿನ್ನ ಮಾತಾಗಿತ್ತು. ಕರೀಂಸಾಬ್ ಮಾಸ್ತರರು ಅಷ್ಟು ದಿನ ನನ್ನ ಪಕ್ಕದಲ್ಲಿ ಕುಳಿತು ಉಂಡರು, ನನ್ನ ಗಂಟಿನಲ್ಲಿ ಏನಿದೆ ಎಂದು ಒಮ್ಮೆಯೂ ನೋಡಲಿಲ್ಲ. ಅವರದನ್ನು ಅವರು ಬಿಚ್ಚುತ್ತಿದ್ದರು, ನನ್ನದನ್ನು ನಾನು ಬಿಚ್ಚುತ್ತಿದ್ದೆ. ಇದು ಐವತ್ತು ವರ್ಷ ನನ್ನ ಕಣ್ಣ ಮುಂದೆ ಇದ್ದ ಪಾಠ, ಓದಿಕೊಂಡದ್ದು ಈ ಮಂಗಳವಾರ.

ಬುಧವಾರ, ಗುರುವಾರ ದೊಡ್ಡ ಮಾಸ್ತರರ ಮನೆಗೆ ತಿರುಗಿದೆ, ಈ ಡಬ್ಬಿ ತೋರಿಸುವುದನ್ನು ಬಿಡಿಸಿರಿ ಎಂದು. ಅವರು ಹೌದ್ರೀ ಎನ್ನುವುದೇನೋ ನಿಜ, ಆದರೆ ಅಮರಗುಂಡಪ್ಪನಿಗೂ ಅದನ್ನೇ ಎಂದಿರುತ್ತಾರೆ. ನಿನ್ನೆ ಶುಕ್ರವಾರ ನಿಮ್ಮಜ್ಜಿಯಿಂದ ಬುತ್ತಿ ಕಟ್ಟಿಸಿಕೊಂಡು ಶಾಲೆಗೆ ಹೋಗಿ, ಮಕ್ಕಳ ಸಾಲಿನಲ್ಲಿ ಮೊದಲಿಗನಾಗಿ ಕುಳಿತೆ. "ನೋಡೂದಾದ್ರ ಎಲ್ಲಾರದೂ ನೋಡ್ರಿ. ಮೊದಲು ನಂದ ನೋಡ್ರಿ" ಎಂದೆ. ಮಾನಿಟರ್ ಹುಡುಗನಿಗೆ ನಾಚಿಕೆ, ಮಾಸ್ತರರಿಗೆ ಬೇರೆ ದಾರಿ ಇಲ್ಲ. ನನ್ನ ರೊಟ್ಟಿ ಪುಂಡಿಪಲ್ಯ ನೋಡಿದ್ದಾಯಿತು. ಮುಂದಿನವನದು, ಅವನ ಮುಂದಿನವನದು. ಮಕ್ಕಳು ಮೊದಲು ನಗುತ್ತಿದ್ದರು, ಆಟ ಎಂದುಕೊಂಡು. ಹಾಗೇ ಸರದಿ ನಮ್ಮ ಓಣಿಯ ಮಾರೆಮ್ಮನ ಮಗಳ ಹತ್ತಿರ ಬಂತು. ಆ ಹುಡುಗಿ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ತಗಿ ಎಂದ ಮಾನಿಟರ್. ಅವಳು ತೆಗೆಯಲಿಲ್ಲ. ಅವನು ತೆಗೆದ. ಡಬ್ಬಿ ಖಾಲಿ ಇತ್ತು, ತೊಳೆದು ಬೋರಲು ಹಾಕಿದ ಹಾಗೆ ಸ್ವಚ್ಛ. ನಾಟಿಯ ಅವಸರದಲ್ಲಿ ತಾಯಿ ರೊಟ್ಟಿ ತಟ್ಟಲಾಗದ ದಿನ ಹುಡುಗಿ ಖಾಲಿ ಡಬ್ಬಿಯನ್ನೇ ತಂದು, ಗೋಡೆಯ ಕಡೆ ಮುಖ ಮಾಡಿ ಕುಳಿತು, ಉಂಡ ಹಾಗೆ ಮಾಡಿ ಏಳುತ್ತಿದ್ದಳಂತೆ.

ಅದನ್ನು ಬಿಚ್ಚಿಸಿದವನು ನಾನು, ಎಲ್ಲರದೂ ನೋಡಿರಿ ಎಂದವನು. ನನಗೆ ಕೂತಲ್ಲೇ ಕೂರಲಾಗಲಿಲ್ಲ, ಏಳಲೂ ಆಗಲಿಲ್ಲ. ಆಮೇಲೆ ಶೆಫಾಲಿ ಎದ್ದು ಬಂದು, ಆ ಹುಡುಗಿಯ ಕೈಯಿಂದ ಬಿದ್ದಿದ್ದ ಮುಚ್ಚಳವನ್ನು ಎತ್ತಿ ಅವಳ ಡಬ್ಬಿಗೆ ಮುಚ್ಚಿದಳು. ಬೇರೇನೂ ಮಾಡಲಿಲ್ಲ, ಮುಚ್ಚಿ ಪಕ್ಕದಲ್ಲಿ ಕುಳಿತಳು. ಅಮರಗುಂಡಪ್ಪನ ಮೊಮ್ಮಗ ತನ್ನ ರೊಟ್ಟಿ ಮುರಿದು, ಅರ್ಧವನ್ನು ಆ ಮುಚ್ಚಳದ ಮೇಲಿಟ್ಟು ತನ್ನ ಜಾಗಕ್ಕೆ ಹೋದ. ದೊಡ್ಡ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, "ಸಾಕು. ಇನ್ನ ಯಾರ ಡಬ್ಬಿನೂ ಯಾರೂ ನೋಡಬ್ಯಾಡ್ರಿ. ಉಣ್ರಿ" ಎಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಂಜೆ ಮಾರೆಮ್ಮನ ಮಗಳಿಗೆ ನಿಮ್ಮಜ್ಜಿ ಬಿಸಿ ರೊಟ್ಟಿ ಕೊಟ್ಟಳು, ನಾಟಿ ಮುಗಿಯುವವರೆಗೆ ದಿನಾ ನಮ್ಮಲ್ಲಿ ಬಂದು ಬುತ್ತಿ ಒಯ್ಯಬೇಕೆಂದು ತಾಕೀತು ಮಾಡಿದ್ದಾಳೆ.

ಇದನ್ನು ಓದಿ ಊರೆಲ್ಲ ತಿದ್ದಿಕೊಂಡಿತು ಎಂದು ತಿಳಿಯಬೇಡ. ನಿನ್ನೆ ಸಂಜೆ ಅಮರಗುಂಡಪ್ಪ ಚಹಾದಂಗಡಿಯಲ್ಲಿ ಕೇಳಿದ, "ಏನ್ ಮುದುಕಪ್ಪಾ, ಇವತ್ತ ಆ ಬಂಗಾಲಿ ಹುಡುಗಿ ಡಬ್ಬ್ಯಾಗ ಏನಿತ್ತು?" ಎಂದು. "ನಾ ನೋಡ್ಲಿಲ್ಲ. ನೀ ನಿನ್ನೆ ಏನುಂಡಿ ಅಂತ ನಾ ಕೇಳೇನೇನು?" ಎಂದೆ. ಅವನು ತಲೆ ತಗ್ಗಿಸಿ ಚಹಾವನ್ನು ತಟ್ಟೆಗೆ ಸುರಿದುಕೊಂಡು ಕುಡಿದ. ಮೊಮ್ಮಗ ಮನೆಯಲ್ಲಿ ಹೇಳಿದ್ದಾನೆಂದು ಕಾಣುತ್ತದೆ. ತಕರಾರಿನ ಕಾಗದ ಇನ್ನೂ ಅವನ ಅಂಗಿಯ ಜೇಬಿನಲ್ಲೇ ಇದೆ, ಸಿಂಧನೂರಿಗೂ ಹೋಗಿಲ್ಲ, ಒಲೆಗೂ ಹೋಗಿಲ್ಲ. ನೀನು ಮರಳಿ ಬಂದರೆ ಜಗಳ ಪೂರ್ತಿ ಮುಗಿದಿರುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಚಾವಡಿಗೆ ಮತ್ತೆ ಕರೆಸಿದರೆ ಕಂಬಕ್ಕೊರಗಿ ಕೂರುವುದಿಲ್ಲ, ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ. ವರ್ಗ ಬೇಕೇ ಬೇಕೆಂದರೆ ಮಾಡಿಸಿಕೋ, ತಡೆಯುವವನು ನಾನಲ್ಲ. ಅಲ್ಲಿಯ ಮಕ್ಕಳೂ ಮಕ್ಕಳೇ. ಆದರೂ ನಾನು ಮೊಳೆ ಬಡಿದ ಆ ನಕ್ಷೆಯ ಹತ್ತಿರ ನಿನ್ನ ಹಾಗೆ ಬೆರಳಿಟ್ಟು ತೋರಿಸುವವರು ಇಲ್ಲಿ ಬೇರೆ ಯಾರಿದ್ದಾರೆ.

ನಿಮ್ಮಪ್ಪನಿಗೆ ಎಕ್ಕದ ಎಲೆ ಮರೆಯಬೇಡ. ನಿಮ್ಮವ್ವನಿಗೆ ನಮ್ಮಿಬ್ಬರ ಆಶೀರ್ವಾದ. ಹಸೀನಾಬೀ ಸಲಾಮು ಹೇಳಿದ್ದಾಳೆ, ಕರಿಬೇವಿನ ಗಿಡ ಹೊಸ ಚಿಗುರು ಹೇಳಿದೆ. ನಿನ್ನ ಹಟ ನೂರು ವರ್ಷ ಬಾಳಲಿ, ಅದರ ಜೊತೆಗೆ ನೀನೂ ಬಾಳು.

ನಿನ್ನ ಅಜ್ಜ,
ಮುದುಕಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಶೆಫಾಲಿ ಬಂದಿದ್ದಳು. ಅವಳ ಅಜ್ಜಿ ನಿನಗೆಂದು ಒಂದು ಡಬ್ಬಿ ಕಳಿಸಿದ್ದಾಳೆ, ಬಟ್ಟೆ ಸುತ್ತಿ ಗಂಟು ಹಾಕಿದೆ. "ಅಕ್ಕೋರು ಸೋಮವಾರ ಬರ್ತಾರೇನ್ರೀ ಅಜ್ಜಾ?" ಎಂದಳು. ಬರ್ತಾರವ್ವಾ ಎಂದುಬಿಟ್ಟೆ, ಆ ಮಾತು ಉಳಿಸುವುದು ನಿನಗೆ ಬಿಟ್ಟದ್ದು. ಡಬ್ಬಿಯನ್ನು ನಿಮ್ಮಜ್ಜಿ ದೇವರ ಗೂಡಿನ ಪಕ್ಕ ತೂಗುವ ನೆಲುವಿನ ಮೇಲೆ ಇಟ್ಟಿದ್ದಾಳೆ. ಸಾಸಿವೆ ಎಣ್ಣೆಯ ವಾಸನೆ ಪಡಸಾಲೆಯವರೆಗೂ ಬಂದಿದೆ. ಒಳಗೇನಿದೆ ಎಂದು ನಾನು ಕೇಳಲಿಲ್ಲ, ಮಗಳೇ. ಪತ್ರ ಸೇರಿದ ಭಾನುವಾರ ಸಂಜೆಯ ಬಸ್ಸಿಗೇ ಬಾ, ಬಂದು ನೀನೇ ತೆಗೆ.